ನಿರ್ಜಲ ಏಕಾದಶಿ ಮತ್ತು ಲಿಥಿಯಂ ಮಾತ್ರೆ

— ದೊಡ್ಡಮ್ಮ, ಅಕ್ಕ ಈಗ ಎಲ್ಲರ ಹಾಗೇ ಇದ್ದಾಳೆ. ಗುರುಗ್ರಾಮದ ಆಫೀಸಿಗೆ ದಿನಾ ಹೋಗ್ತಾಳೆ, ರಾತ್ರಿ ನಿದ್ದೆ ಮಾಡ್ತಾಳೆ, ಲೆಕ್ಕ ಇಟ್ಟು ಖರ್ಚು ಮಾಡ್ತಾಳೆ. ಅಮ್ಮ ಊರಿಂದ ಬಂದಾಗಿನಿಂದ ಒಂದೇ ಪ್ರಶ್ನೆ: ಬೈಪೋಲಾರ್ ವಾಸಿಯಾದ ಮೇಲೂ ಲಿಥಿಯಂ ಮಾತ್ರೆ ಯಾಕೆ? ಕರ್ನಾಟಕ ಸಂಘದಲ್ಲಿ ಪರಿಚಯವಾದ ನೋಯಿಡಾದ ಮನೆಯವರು ಸಂಬಂಧ ಬೇರೆ ಕೇಳಿದ್ದಾರೆ. ಮಾತು ಮುಂದುವರಿಯೋದರೊಳಗೆ ಮಾತ್ರೆ ನಿಂತುಹೋದರೆ ಒಳ್ಳೇದು ಅಂತ ಅಮ್ಮನಿಗೆ.

— ನಿನಗೆ?

— ನನಗೆ ತಿಳೀತಿಲ್ಲ. ಅದಕ್ಕೇ ಬಂದೆ. ನೀವು ಕೆಲಸ ಮಾಡಿದ್ದೆಲ್ಲ ಮನೋರೋಗ ವಿಭಾಗದಲ್ಲೇ ಅಲ್ವಾ.

— ನರ್ಸ್ ಆಗಿ. ಡಾಕ್ಟರಾಗಿ ಅಲ್ಲ. ಡೋಸ್ ಏರಿಸೋದು, ಇಳಿಸೋದು, ನಿಲ್ಲಿಸೋದು ಅವಳು ಅವಳ ಡಾಕ್ಟರ ಹತ್ರ ಕೂತು ಆಡಬೇಕಾದ ಮಾತು. ಆದರೆ ಚೆನ್ನಾಗಿರೋರು ಮಾತ್ರೆ ಬಿಟ್ಟರೆ ಏನಾಗುತ್ತೆ ಅನ್ನೋದನ್ನ ಊಹೆ ಮಾಡಬೇಕಿಲ್ಲ. ಡೆನ್ಮಾರ್ಕಿನಲ್ಲಿ ಅದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮೋಗೆನ್ಸ್ ಸ್ಕೌ, ಪೋಲ್ ಬಾಸ್ಟ್ರುಪ್ ಅಂತ ಇಬ್ಬರು ವೈದ್ಯರು. ಲಿಥಿಯಂ ತಗೊಂಡರೆ ಕಾಯಿಲೆ ಮರಳೋದು ತಪ್ಪುತ್ತೆ ಅಂತ ಅವರು ಹೇಳಿದಾಗ 1968ರಲ್ಲಿ ಲಂಡನ್ನಿನ ದೊಡ್ಡ ಮನೋವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೆಲ್ಲ ಕಟ್ಟುಕಥೆ ಇರಬೇಕು ಅಂತ ಬರೆದರು. ಸ್ಕೌ ಅವರ ಒಡಹುಟ್ಟಿದವರೊಬ್ಬರು ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿ ಲಿಥಿಯಂನಿಂದ ಎದ್ದು ನಿಂತಿದ್ದರು. ಅವರಿಗೆ ಇದು ಬರೀ ಪಾಂಡಿತ್ಯದ ಜಗಳ ಆಗಿರಲಿಲ್ಲ. ಆಮೇಲೆ ಪರೀಕ್ಷೆ ನಡೀತು. ಲಿಥಿಯಂ ತಗೊಂಡು ವರ್ಷಕ್ಕೂ ಮೇಲೆ ನೆಮ್ಮದಿಯಾಗಿದ್ದ 84 ಹೆಂಗಸರು. ಕೆಲವರಿಗೆ ಅದೇ ಮಾತ್ರೆ ಮುಂದುವರಿಸಿದರು, ಉಳಿದವರಿಗೆ ನೋಡೋಕೆ ಅದೇ ಥರ ಇರೋ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ತಿಳೀದು, ನೋಡಿಕೊಳ್ಳೋ ಡಾಕ್ಟರಿಗೂ ತಿಳೀದು.

— ಎಷ್ಟು ದಿನ?

— ಐದು ತಿಂಗಳು. ಖಾಲಿ ಮಾತ್ರೆ ಸಿಕ್ಕ 39 ಜನರಲ್ಲಿ 21 ಜನರಿಗೆ ಕಾಯಿಲೆ ಮರಳಿತು. ಲಿಥಿಯಂ ಮುಂದುವರಿಸಿದ 45 ಜನರಲ್ಲಿ ಒಬ್ಬರಿಗೂ ಇಲ್ಲ. 1970ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಅಚ್ಚಾಯ್ತು. ಆ 21 ಹೆಂಗಸರನ್ನ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ. ಅವರೂ ಪರೀಕ್ಷೆ ಶುರುವಾದ ದಿನ ನಿಮ್ಮಕ್ಕನ ಹಾಗೆ ಚೆನ್ನಾಗೇ ಇದ್ದರು.

— ಅಂದ್ರೆ ವಾಸಿ ಆಗಿದೆ ಅನ್ನೋದು...

— ಮಾತ್ರೆ ಹಿಡಿದಿಟ್ಟುಕೊಂಡಿರೋ ವಾಸಿ ಅದು. ಹೋದ ಚಳಿಗಾಲ ಹೇಗಿತ್ತು ಅಂತ ಅಮ್ಮನಿಗೆ ಪೂರ್ತಿ ಹೇಳಿದ್ದೀಯಾ?

— ಇಲ್ಲ. ನಿದ್ದೆ ಇಲ್ಲದೆ ರಾತ್ರಿ ಮೂರು ಗಂಟೆಗೆ ಎಲ್ಲರಿಗೂ ಫೋನು ಮಾಡ್ತಿದ್ದಳು, ಅದು ಅಮ್ಮನಿಗೆ ಗೊತ್ತು. ಗ್ರೇಟರ್ ನೋಯಿಡಾದಲ್ಲಿ ಫ್ಲ್ಯಾಟಿಗೆ ಕ್ರೆಡಿಟ್ ಕಾರ್ಡಿಂದ ಮುಂಗಡ ಕೊಟ್ಟಿದ್ದೂ ಗೊತ್ತು. ಅದಾದ ಮೇಲಿನದ್ದು ಹೇಳಿಲ್ಲ. ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರೋಳು. ನಾವಿರೋದು ಹದಿನಾಲ್ಕನೇ ಮಹಡಿ. ಬಾಲ್ಕನಿ ಬಾಗಿಲಿಗೆ ಬೀಗ ಹಾಕಿ ಕೀ ನನ್ನ ಜೇಬಲ್ಲಿ ಇಟ್ಕೊಂಡು ಆಫೀಸಿಗೆ ಹೋಗ್ತಿದ್ದೆ.

— ಅದನ್ನ ಅಮ್ಮನಿಗೆ ಹೇಳು, ಮಗ. ಬೆದರಿಸೋಕಲ್ಲ. ಮಾತ್ರೆ ಯಾತಕ್ಕೆ ಅಂತ ತಿಳಿಯೋಕೆ. ಬೈಪೋಲಾರ್ ಕಾಯಿಲೆಯಲ್ಲಿ ಜೀವ ಕಳ್ಕೊಳ್ಳೋ ಅಪಾಯವನ್ನ ತಗ್ಗಿಸುತ್ತೆ ಅನ್ನೋದಕ್ಕೆ ಬೇರೆ ಯಾವ ಮಾತ್ರೆಗಿಂತಲೂ ಲಿಥಿಯಂ ಬಗ್ಗೆ ಹೆಚ್ಚು ಪುರಾವೆ ಇದೆ. ಥಟ್ಟಂತ ಬಿಟ್ಟವರಲ್ಲಿ ಆ ಅಪಾಯ ಮೊದಲ ಕೆಲವು ತಿಂಗಳಲ್ಲೇ ತಲೆ ಎತ್ತುತ್ತೆ. ಬಿಡಲೇಬೇಕಾದ ಕಾರಣ ಬಂದರೂ ಡಾಕ್ಟರು ವಾರಗಟ್ಟಲೆ, ಸಾಧ್ಯವಾದರೆ ಮೂರು ತಿಂಗಳವರೆಗೂ ಎಳೆದು, ಸ್ವಲ್ಪ ಸ್ವಲ್ಪ ಇಳಿಸ್ತಾರೆ. ಹುಡುಗನ ಮನೆಯವರು ನೋಡೋಕೆ ಬರ್ತಾರೆ ಅಂತ ಸೋಮವಾರದಿಂದ ನಿಲ್ಲಿಸೋ ಮಾತ್ರೆ ಅಲ್ಲ ಇದು.

— ಅಮ್ಮನಿಗೆ ಹೆಸರು ಕೇಳಿದರೇ ಭಯ. ಇ-ರಿಕ್ಷಾ ಬ್ಯಾಟರಿಗೆ ಹಾಕೋದನ್ನ ಮಗಳ ಹೊಟ್ಟೆಗೆ ಹಾಕ್ತಾರಾ ಅಂತಾಳೆ.

— ಮೂಲವಸ್ತು ಒಂದೇ, ನಿಜ. ನಮ್ಮ ಮಂಡ್ಯದ ಮಾರ್ಲಗಲ್ಲದ ಬಂಡೆಯಲ್ಲೂ ಇದೆ ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದೇ. 1817ರಲ್ಲಿ ಸ್ವೀಡನ್ನಿನಲ್ಲಿ ಕಲ್ಲಿನಿಂದಲೇ ಇದನ್ನ ಕಂಡುಹಿಡಿದದ್ದು. ಆದರೆ ಮಾತ್ರೆಯಲ್ಲಿರೋದು ಲಿಥಿಯಂ ಕಾರ್ಬೊನೇಟ್ ಅನ್ನೋ ಲವಣ. ಅಮ್ಮ ಅಡುಗೆಗೆ ಹಾಕೋ ಉಪ್ಪಿನಲ್ಲಿರೋ ಸೋಡಿಯಂಗೆ ಹತ್ತಿರದ ನೆಂಟ ಇದು. ಆ ನೆಂಟಸ್ತಿಕೆ ಅರ್ಥವಾದರೆ ಈ ಮಾತ್ರೆಯ ಮುಕ್ಕಾಲು ಪಾಲು ಅರ್ಥವಾದ ಹಾಗೆ.

— ಮೊದಲು ಕೊಟ್ಟು ನೋಡಿದವರು ಯಾರು? ಅಷ್ಟು ಧೈರ್ಯ ಯಾರಿಗಿತ್ತು?

— ಜಾನ್ ಕೇಡ್ ಅಂತ ಆಸ್ಟ್ರೇಲಿಯಾದ ವೈದ್ಯ. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದ ಚಾಂಗಿಯಲ್ಲಿ ಮೂರು ವರ್ಷಕ್ಕೂ ಮೇಲೆ ಜಪಾನಿಯರ ಕೈದಿಯಾಗಿದ್ದವರು. ಬಿಡುಗಡೆಯಾಗಿ ಮೆಲ್ಬರ್ನ್ ಹತ್ತಿರದ ಒಂದು ಮಾನಸಿಕ ಆಸ್ಪತ್ರೆಗೆ ಬಂದರು. ಉನ್ಮಾದಕ್ಕೆ ದೇಹದೊಳಗಿನ ಯಾವುದೋ ವಿಷ ಕಾರಣ ಇರಬೇಕು ಅಂತ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡ್ತಿದ್ದರು. ಲಿಥಿಯಂ ಲವಣ ಚುಚ್ಚಿದಾಗ ಆ ಪ್ರಾಣಿಗಳು ಶಾಂತವಾದವು. ಮೊದಲು ತಾನೇ ನುಂಗಿ ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. ಮೊದಲನೆಯವರು 51 ವರ್ಷದವರು, ಐದು ವರ್ಷದಿಂದ ಉನ್ಮಾದದಲ್ಲೇ ವಾರ್ಡು ಹಿಡಿದವರು. ಕೆಲವೇ ತಿಂಗಳಲ್ಲಿ ಮನೆಗೆ ಹೋಗಿ ಹಳೇ ಕೆಲಸಕ್ಕೆ ಸೇರಿಕೊಂಡರು. 1949ರಲ್ಲಿ ಕೇಡ್ ಅದನ್ನ ಬರೆದು ಪ್ರಕಟಿಸಿದರು.

— ಆಮೇಲೆ ಆ ರೋಗಿ?

— ಚೆನ್ನಾಗಿದ್ದೀನಿ ಅಂತ ಮಾತ್ರೆ ಬಿಟ್ಟರು. ಕಾಯಿಲೆ ಮರಳಿತು, ಮತ್ತೆ ವಾರ್ಡಿಗೆ ಬಂದರು. ಮತ್ತೆ ಲಿಥಿಯಂ ಕೊಟ್ಟಾಗ ಅದು ಮೈಯಲ್ಲಿ ಹೆಚ್ಚಾಗಿ, ವಿಷವಾಗಿ, 1950ರಲ್ಲಿ ತೀರಿಕೊಂಡರು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆದು ಡೋಸ್ ಕೊಡೋ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಈ ಔಷಧಿಯ ಗುಣ, ಅದನ್ನ ಬಿಡೋ ಅಪಾಯ, ಅಳೆಯದೆ ಕೊಡೋ ಅಪಾಯ ಮೂರೂ ಮೊದಲನೇ ರೋಗಿಯಲ್ಲೇ ಕಂಡಿತ್ತು.

— ಮತ್ತೆ ಅಮ್ಮ ಹೆದರೋದರಲ್ಲಿ ತಪ್ಪೇನಿದೆ ದೊಡ್ಡಮ್ಮ?

— ಹೆದರಿಕೆ ಇರಲಿ, ಬೇಡ ಅನ್ನಲ್ಲ. ಇರಬೇಕಾದ ಜಾಗದಲ್ಲಿ ಇರಲಿ ಅಂತೀನಿ. ಅದೇ 1949ರಲ್ಲಿ ಅಮೆರಿಕದಲ್ಲಿ ಇನ್ನೊಂದು ನಡೀತು. ಹೃದಯದ ಕಾಯಿಲೆಯವರಿಗೆ ಉಪ್ಪು ಬಿಡಿ ಅಂತ ಹೇಳಿದ್ದರು. ನಾಲಿಗೆಗೆ ಉಪ್ಪಿನ ರುಚಿ ಬೇಕಲ್ಲ. ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡನ್ನ ಅಂಗಡಿಯಲ್ಲಿ ಮಾರೋಕೆ ಶುರು ಮಾಡಿದರು. ಜನ ಊಟಕ್ಕೆ ಉದುರಿಸಿಕೊಂಡು ತಿಂದರು. ಹಲವರಿಗೆ ವಿಷವೇರಿತು, ಕೆಲವರು ಸತ್ತರು. ಯಾಕೆ ಹೇಳು?

— ಜಾಸ್ತಿ ತಿಂದರು.

— ಅದೊಂದೇ ಅಲ್ಲ. ಉಪ್ಪು ಬಿಟ್ಟಿದ್ದರು. ನಮ್ಮ ಮೂತ್ರಪಿಂಡಕ್ಕೆ ಸೋಡಿಯಂ ಯಾವುದು, ಲಿಥಿಯಂ ಯಾವುದು ಅಂತ ಬೇರ್ಪಡಿಸೋ ಅಷ್ಟು ಚುರುಕಿಲ್ಲ. ಮೈಯಲ್ಲಿ ಉಪ್ಪೋ ನೀರೋ ಕಡಿಮೆಯಾದ ಕೂಡಲೇ ಅದು ಸೋಡಿಯಂನ ಹೊರಗೆ ಬಿಡದೆ ಎಳೆದಿಟ್ಟುಕೊಳ್ಳುತ್ತೆ. ಜೊತೆಗೆ ಲಿಥಿಯಂನೂ ಎಳೆದಿಟ್ಟುಕೊಳ್ಳುತ್ತೆ. ಹಾಗಾಗಿ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಮಟ್ಟ ಏರುತ್ತೆ. ರಕ್ತದಲ್ಲಿ ಅದು ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಬಹಳ ಜನರಿಗೆ 0.8ರ ಆಸುಪಾಸಿನಲ್ಲೇ ಇಡ್ತಾರೆ. 1.5 ದಾಟಿತು ಅಂದರೆ ವಿಷದ ಲಕ್ಷಣ ಶುರು. ಗುಣ ಮಾಡೋ ಮಟ್ಟಕ್ಕೂ ಕೆಡಿಸೋ ಮಟ್ಟಕ್ಕೂ ನಡುವೆ ಅಂತರ ಅಷ್ಟೇ. ಈಗ ಹೇಳು, ಮುಂದಿನ ವಾರ ನಿಮ್ಮನೆಯಲ್ಲಿ ಏನು ವಿಶೇಷ?

— ನಿರ್ಜಲ ಏಕಾದಶಿ... ಅಯ್ಯೋ. ಅಮ್ಮನ ಜೊತೆ ಅಕ್ಕನೂ ಮಾಡ್ತೀನಿ ಅಂದಿದ್ದಾಳೆ. ವಾಸಿಯಾದರೆ ಮಾಡಿಸ್ತೀನಿ ಅಂತ ಅಮ್ಮ ಹೇಳಿಕೊಂಡಿದ್ದಳಂತೆ.

— ಜ್ಯೇಷ್ಠ ಮಾಸ, ದಿಲ್ಲಿ. 2024ರ ಮೇ 29ಕ್ಕೆ ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ಇತ್ತು. ರಾಜಸ್ಥಾನದ ಕಡೆಯಿಂದ ಲೂ ಅನ್ನೋ ಬಿಸಿಗಾಳಿ ಬೀಸೋ ದಿನಗಳಲ್ಲಿ ಮೆಟ್ರೋ ಇಳಿದು ಆಫೀಸಿಗೆ ನಡೆಯೋದರಲ್ಲಿ ಕುರ್ತಾ ಒದ್ದೆಯಾಗುತ್ತೆ. ಬೆವರಿನಲ್ಲಿ ಉಪ್ಪೂ ಹೋಯ್ತು, ನೀರೂ ಹೋಯ್ತು. ಅದರ ಮೇಲೆ ಒಂದು ಹಗಲು ಒಂದು ರಾತ್ರಿ ಗಂಟಲಿಗೆ ಹನಿ ನೀರಿಲ್ಲ, ರಾತ್ರಿ ಮಾತ್ರೆ ಮಾತ್ರ ನುಂಗಿದಳು ಅನ್ನು. ಆರೋಗ್ಯವಾಗಿರೋ ನಿಮ್ಮಮ್ಮನಿಗೆ ಅದು ವ್ರತ. ಲಿಥಿಯಂ ತಗೊಳ್ಳೋ ಹುಡುಗಿಗೆ ಅದು ಆಸ್ಪತ್ರೆಯ ದಾರಿ. ಇಲ್ಲಿಯವರ ಕರ್ವಾ ಚೌತ್ ಕೂಡ ಹಾಗೇ, ಚಂದ್ರ ಕಾಣೋವರೆಗೆ ನೀರಿಲ್ಲ. ರಂಜಾನ್ ಉಪವಾಸ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ನಾವು ವಾರ್ಡಿನಲ್ಲಿ ಪ್ರತಿಯೊಬ್ಬ ಮುಸ್ಲಿಂ ರೋಗಿಯ ಮನೆಯವರನ್ನ ಕೂರಿಸಿಕೊಂಡು ಹೇಳ್ತಿದ್ದೆವು, ಡಾಕ್ಟರನ್ನ ಕೇಳದೆ ರೋಜಾ ಹಿಡೀಬೇಡಿ ಅಂತ. ಕಾಯಿಲೆಯವರಿಗೆ ಯಾವ ಧರ್ಮವೂ ಕಟ್ಟುನಿಟ್ಟು ಮಾಡಿಲ್ಲ. ನಮ್ಮಜ್ಜಿ ಎಂಥ ಮಡಿ ಹೆಂಗಸು, ಕಾಯಿಲೆ ಮಲಗಿದವರಿಗೆ ಏಕಾದಶಿಯ ದಿನವೂ ಗಂಜಿ ಕುಡಿಸೋಳು.

— ಹಾಗಾದರೆ ನೀರು ಜಾಸ್ತಿ ಕುಡಿದು, ಉಪ್ಪು ಜಾಸ್ತಿ ತಿಂದರೆ ಸರಿಹೋಯ್ತಾ?

— ಅದೂ ಬೇಡ. ಉಪ್ಪು ಒಮ್ಮೆಗೇ ಹೆಚ್ಚಿಸಿದರೆ ಲಿಥಿಯಂ ಹೊರಗೆ ಹರಿದುಹೋಗಿ ಮಟ್ಟ ಇಳಿಯುತ್ತೆ, ಮಾತ್ರೆ ಕೆಲಸ ಮಾಡಲ್ಲ. ದಿನಾ ತಿನ್ನೋ ಅಷ್ಟೇ ಉಪ್ಪು, ಬಾಯಾರಿದಷ್ಟು ನೀರು, ಸೆಕೆಗಾಲದಲ್ಲಿ ಇನ್ನಷ್ಟು ನೀರು, ಆಗಾಗ ಉಪ್ಪು ಹಾಕಿದ ಮಜ್ಜಿಗೆ. ನಿಮ್ಮಮ್ಮ ಬಿಪಿ ಅಂತ ಮನೆಗೆಲ್ಲ ಸೋಡಿಯಂ ಕಡಿಮೆ ಇರೋ ಉಪ್ಪು ತಂದಿಟ್ಟಿದ್ದಾಳೆ, ನಾನೇ ನೋಡಿದೆ. ಅಕ್ಕನ ಸಾರು ಬೇರೆ ಮಾಡಲಿ. ಕಾಫಿಯೂ ಅಷ್ಟೇ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯೋಳು ಒಮ್ಮೆಲೇ ಬಿಟ್ಟರೆ ಮಟ್ಟ ಏರುತ್ತೆ. ಕಾಫಿ ಲಿಥಿಯಂನ ಮೂತ್ರದಲ್ಲಿ ಸ್ವಲ್ಪ ಹೊರಗೆ ಹಾಕ್ತಿರುತ್ತೆ, ಕುಡಿಯೋ ಅಭ್ಯಾಸದ ಮೇಲೇ ಡೋಸ್ ನಿಂತಿರುತ್ತೆ. ಬಿಡೋದಾದರೆ ನಿಧಾನಕ್ಕೆ ಬಿಡಲಿ.

— ಇಷ್ಟೆಲ್ಲ ಯಾರೂ ಹೇಳಿರಲಿಲ್ಲ.

— ಓಪಿಡಿಯಲ್ಲಿ ಒಬ್ಬ ರೋಗಿಗೆ ಸಿಗೋದು ಕೆಲವೇ ನಿಮಿಷ. ಅಷ್ಟರಲ್ಲಿ ನಿದ್ದೆ ಹೇಗಿದೆ, ಕೆಲಸ ಹೇಗಿದೆ ಅಂತ ಕೇಳೋಕೇ ಹೊತ್ತು ಸಾಲಲ್ಲ. ಅದಕ್ಕೇ ನಾನು ಹೇಳೋದು, ಈ ಮಾತ್ರೆಯನ್ನ ಡಾಕ್ಟರೊಬ್ಬರೇ ಕೊಡೋಕಾಗಲ್ಲ, ಮನೆಯೂ ಕೊಡಬೇಕು. ಇನ್ನೊಂದು ಕೇಳು. ನಿಮ್ಮ ಸೊಸೈಟಿ ಗೇಟಿನ ಹತ್ರ ಮೆಡಿಕಲ್ ಸ್ಟೋರ್ ಇದೆಯಲ್ಲ, ಅಲ್ಲಿಗೆ ಹೋಗಿ ತಲೆನೋವು ಅಂದರೆ ಏನು ಕೊಡ್ತಾನೆ?

— ಕಾಂಬಿಫ್ಲಾಮ್.

— ಚೀಟಿ ಕೇಳ್ತಾನಾ? ಇಲ್ಲ. ಅದರಲ್ಲಿ ಐಬುಪ್ರೊಫೆನ್ ಇದೆ. ಅದು, ಡೈಕ್ಲೋಫೆನಾಕ್, ಆ ಗುಂಪಿನ ನೋವಿನ ಮಾತ್ರೆಗಳು ಮೂತ್ರಪಿಂಡದಿಂದ ಲಿಥಿಯಂ ಹೊರಹೋಗೋದನ್ನ ತಡೀತಾವೆ. ಮುಟ್ಟಿನ ನೋವಿಗೆ ಅಂತ ನಾಲ್ಕು ದಿನ ನುಂಗಿದರೆ ಸಾಕು. ಅಕ್ಕನಿಗೆ ತಲೆನೋವು ಬಂದರೆ ಬರೀ ಪ್ಯಾರಾಸಿಟಮಾಲ್. ಬಿಪಿ ಮಾತ್ರೆಗಳಲ್ಲೂ ಕೆಲವು ಹೀಗೇ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗುಂಪಿನವು, ಮೂತ್ರ ಹೆಚ್ಚಿಸೋ ಹೈಡ್ರೋಕ್ಲೋರೋಥಯಜೈಡ್. ಹಲ್ಲಿನ ಡಾಕ್ಟರಾಗಲಿ, ಮೂಳೆ ಡಾಕ್ಟರಾಗಲಿ, ಕೂತ ತಕ್ಷಣ ಮೊದಲ ಮಾತೇ 'ನಾನು ಲಿಥಿಯಂ ತಗೊಳ್ತೀನಿ' ಅಂತ ಇರಬೇಕು.

— ಮಟ್ಟ ಏರಿದೆ ಅಂತ ಮನೆಯಲ್ಲಿ ಹೇಗೆ ತಿಳಿಯೋದು?

— ವಾಂತಿ, ಭೇದಿ. ಕೈ ನಡುಕ ಜೋರಾಗುತ್ತೆ. ನಡೆಯುವಾಗ ಓಲಾಡ್ತಾರೆ, ಮಾತು ತೊದಲುತ್ತೆ, ಮಂಕು ಕವಿದ ಹಾಗೆ ಆಗ್ತಾರೆ. ಮಳೆ ಶುರುವಾದ ಮೇಲೆ ದಿಲ್ಲಿಯಲ್ಲಿ ಹೊಟ್ಟೆ ಕೆಡದ ಮನೆ ಇಲ್ಲ. ಆ ಭೇದಿಯಿಂದಲೇ ನೀರು ಕಡಿಮೆಯಾಗಿ ಮಟ್ಟ ಏರೋದೂ ಉಂಟು. ಯಾವುದೇ ಆಗಲಿ, ಮುಂದಿನ ಮಾತ್ರೆ ಕೊಡಬೇಡ, ಡಾಕ್ಟರಿಗೆ ಫೋನು ಹಚ್ಚು, ನೇರ ಎಮರ್ಜೆನ್ಸಿಗೆ ಕರ್ಕೊಂಡು ಹೋಗು. ಬೆಳಗಾಗಲಿ ನೋಡೋಣ ಅನ್ನಬೇಡ. ತೀರಾ ಏರಿದರೆ ಡಯಾಲಿಸಿಸ್ ಮಾಡಿ ರಕ್ತದಿಂದ ತೆಗೀತಾರೆ. ಬೇಗ ಹೋದವರು ಸುಧಾರಿಸಿಕೊಳ್ತಾರೆ. ತಡವಾದರೆ ನಡಿಗೆಯ ಓಲಾಟ ಉಳಿದುಬಿಡಬಹುದು.

— ಅವಳ ಕೈ ಈಗಲೂ ಸ್ವಲ್ಪ ನಡುಗುತ್ತೆ. ಕಾಫಿ ಲೋಟ ಎತ್ತೋವಾಗ ಡವರಾಗೆ ತಾಗಿ ಟಿಣಿಟಿಣಿ ಅನ್ನುತ್ತೆ. ಮನೆಗೆ ಯಾರಾದರೂ ಬಂದರೆ ಕಾಫಿ ತರೋಕೆ ಒಪ್ಪಲ್ಲ. ಅಮ್ಮನ ಚಿಂತೆ ಅಲ್ಲಿಂದಲೇ ಶುರುವಾಗಿದ್ದು.

— ಸಣ್ಣ ನಡುಕ ಬಹಳ ಜನರಿಗೆ ಇರುತ್ತೆ, ಅದು ವಿಷದ ಲಕ್ಷಣ ಅಲ್ಲ. ಆದರೆ ಸಹಿಸ್ಕೊಂಡು ಕೂರಬೇಕಾಗಿಲ್ಲ. ಡೋಸ್ ಹೊಂದಿಸಬಹುದು, ನಡುಕಕ್ಕೆ ಬೇರೆ ಮಾತ್ರೆ ಕೊಡಬಹುದು. ಅವಳು ಹೇಳ್ತಾಳಾ ಡಾಕ್ಟರಿಗೆ? ನಾಚಿಕೆಯಲ್ಲಿ ಹೇಳಿರಲ್ಲ. ಬಾಯಾರಿಕೆ, ಹೆಚ್ಚು ಮೂತ್ರ, ತೂಕ ಏರೋದು ಇವೂ ಇವೆ. ಥೈರಾಯ್ಡ್ ನಿಧಾನವಾಗಬಹುದು, ಅದಕ್ಕೆ ಮಾತ್ರೆ ಇದೆ, ಆ ಕಾರಣಕ್ಕೆ ಲಿಥಿಯಂ ಬಿಡಬೇಕಿಲ್ಲ. ವರ್ಷಾನುಗಟ್ಟಲೆ ತಗೊಂಡವರಲ್ಲಿ ಕೆಲವರ ಮೂತ್ರಪಿಂಡ ಸೊರಗುತ್ತೆ. ಅದನ್ನ ನಾನು ಮುಚ್ಚಿಡಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಟಿಎಸ್‌ಎಚ್, ಕ್ಯಾಲ್ಸಿಯಂ ನೋಡಿಸೋದು. ಸೊರಗೋದು ಮೊದಲು ಕಾಗದದ ಮೇಲೆ ಕಾಣುತ್ತೆ, ಆಮೇಲೆ ಮೈಯಲ್ಲಿ. ಕಾಗದ ನೋಡ್ತಾ ಹೋದವರಿಗೆ ಡಯಾಲಿಸಿಸ್ ಹಂತಕ್ಕೆ ಹೋಗೋದು ಅಪರೂಪ.

— ಅಮ್ಮನಿಗೆ ಯಾರೋ ಹೇಳಿದ್ದಾರೆ, ಲಿಥಿಯಂ ಹಳೇದು, ಈಗ ವಾಲ್‌ಪ್ರೊಯೇಟ್ ಅಂತ ಬಂದಿದೆ, ರಕ್ತ ಪರೀಕ್ಷೆಯ ತಾಪತ್ರಯವೂ ಇಲ್ಲ ಅಂತ.

— ಇಲ್ಲಿ ನನಗೆ ನಿಜಕ್ಕೂ ಕೋಪ ಬರುತ್ತೆ. ಮದುವೆ ಮಾಡಬೇಕು, ಮಕ್ಕಳಾಗಬೇಕು ಅಂತಿರೋ ಹುಡುಗಿಗೆ ವಾಲ್‌ಪ್ರೊಯೇಟ್? ಬಸುರಿನಲ್ಲಿ ಅದನ್ನ ತಗೊಂಡರೆ ಸುಮಾರು ಹತ್ತಕ್ಕೆ ಒಂದು ಮಗುವಿಗೆ ಹುಟ್ಟುದೋಷ ಬರುತ್ತೆ, ಬೆನ್ನುಹುರಿಯದ್ದೂ ಸೇರಿ. ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು. ಲಿಥಿಯಂನಲ್ಲಿ ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯದ ದೋಷದ ಅಪಾಯ ಸ್ವಲ್ಪ ಹೆಚ್ಚು, ಡೋಸ್ ಹೆಚ್ಚಿದಷ್ಟೂ ಹೆಚ್ಚು. ಆದರೆ ಹಿಂದೆ ಹೆದರಿದ್ದಷ್ಟು ಇಲ್ಲ ಅಂತ ಈಗ ತಿಳಿದಿದೆ. ಮಗು ಬೇಕು ಅಂತ ಅನ್ನಿಸಿದ ದಿನವೇ ಡಾಕ್ಟರ ಹತ್ರ ಹೋಗಿ ಲೆಕ್ಕ ಹಾಕಿಕೊಳ್ಳಬೇಕು, ಬಸುರಾದ ಮೇಲೆ ಗಾಬರಿಯಾಗಿ ಬಿಡೋದಲ್ಲ. ಲಿಥಿಯಂ ಹಳೇದು, ನಿಜ. ಬಂಡೆಯಲ್ಲಿ ಸಿಗೋ ಲವಣಕ್ಕೆ ಪೇಟೆಂಟ್ ಇಲ್ಲ, ಒಂದು ಮಾತ್ರೆಗೆ ಕೆಲವೇ ರೂಪಾಯಿ, ಅದನ್ನ ಹೊಗಳಿಕೊಂಡು ಡಾಕ್ಟರ ಬಾಗಿಲಿಗೆ ಬರೋ ಕಂಪನಿ ಪ್ರತಿನಿಧಿ ಕಡಿಮೆ. ಸರ್ಕಾರದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇವತ್ತಿಗೂ ಇದೆ. ರಕ್ತ ಪರೀಕ್ಷೆ ತಾಪತ್ರಯ ಅಂತ ಒಳ್ಳೇ ಔಷಧಿ ಬಿಡೋದು ಬಡವರಿಗೆ ಮಾಡೋ ಅನ್ಯಾಯ.

— ಹುಡುಗನ ಮನೆಯವರಿಗೆ ಹೇಳಬೇಕಾ?

— ಹೇಳಲೇಬೇಕು. ಆದರೆ ಅವಳು ಹೇಳಬೇಕು. ಅವಳಿಗೆ ಇಷ್ಟ ಬಂದಾಗ, ಮೊದಲು ಆ ಹುಡುಗನಿಗೆ. ನೀನೂ ಅಲ್ಲ, ಅಮ್ಮನೂ ಅಲ್ಲ. ಮುಚ್ಚಿಟ್ಟು ಮದುವೆಯಾಗಿ, ಮಾತ್ರೆಯನ್ನ ಕದ್ದು ನುಂಗೋಕೆ ಆಗದೆ ಬಿಟ್ಟು, ಬಾಣಂತನದಲ್ಲಿ ಕಾಯಿಲೆ ಮರಳಿ ವಾರ್ಡಿಗೆ ಬಂದ ಹುಡುಗಿಯರನ್ನ ನಾನು ನೋಡಿದ್ದೀನಿ. ಹೆರಿಗೆಯಾದ ಮೊದಲ ವಾರಗಳೇ ಈ ಕಾಯಿಲೆಗೆ ಎಲ್ಲಕ್ಕಿಂತ ಕಷ್ಟದ ಕಾಲ. ಆಗ ಅವಳ ನಿದ್ದೆ ಕೆಟ್ಟಿದೆ ಅಂತ ಗುರುತು ಹಿಡಿಯೋ ಗಂಡ ಪಕ್ಕದಲ್ಲಿ ಬೇಕು. ಈಗ ಕಾಯಿಲೆಯ ವಿಷಯ ಕೇಳಿ ಎದ್ದು ಹೋಗೋ ಮನೆ, ಆಗ ಇನ್ನೂ ಬೇಗ ಎದ್ದು ಹೋಗುತ್ತೆ.

— ಅಮ್ಮ ಇಹಬಾಸ್‌ಗೆ ತೋರಿಸೋಕೆ ಒಪ್ಪಲೇ ಇಲ್ಲ ಆಗ. ಶಾಹದರಾ ಅಂದರೆ ಹುಚ್ಚಾಸ್ಪತ್ರೆ, ಯಾರಾದರೂ ನೋಡಿದರೆ ಅಂತ.

— ಆ ಹೆಸರು ಕೆಟ್ಟಿದ್ದಕ್ಕೆ ಕಾರಣ ಇತ್ತು. 1966ರಲ್ಲಿ ಶುರುವಾದ ಶಾಹದರಾದ ಆಸ್ಪತ್ರೆಯ ಸ್ಥಿತಿ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ನಡೆಸಬೇಕು ಅಂತ ಕೋರ್ಟೇ ಹೇಳಿತು. 1993ರಲ್ಲಿ ಇಹಬಾಸ್ ಆಯ್ತು. ದಿಲ್ಲಿಯಲ್ಲಿ ನಿಮ್ಹಾನ್ಸ್ ಹೆಸರು ಕೇಳಿದಾಗ ಕನ್ನಡದವರಾದ ನಮಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ? ಈಗ ಮಾತಾಡಿಕೊಳ್ಳೋಕೆ 14416 ಅಂತ ಟೆಲಿ ಮಾನಸ್ ನಂಬರೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಅಮ್ಮನಿಗೇ ಹಚ್ಚಿಕೊಡು, ತನ್ನ ಭಯವನ್ನ ಮನೆಯವರಲ್ಲದ ಯಾರ ಹತ್ರವಾದರೂ ಹೇಳಿಕೊಳ್ಳಲಿ. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ಅನುಕೂಲ ಇದೆ. ಅಕ್ಕ ಚೆನ್ನಾಗಿರೋ ಈಗಲೇ ಬರೆದಿಡಬಹುದು, ಮುಂದೆ ನನಗೆ ಹೆಚ್ಚಾದರೆ ಈ ಚಿಕಿತ್ಸೆ ಕೊಡಿ, ಇದು ಬೇಡ, ನನ್ನ ಪರವಾಗಿ ಇಂಥವರು ಮಾತಾಡಲಿ ಅಂತ. ನಿನ್ನ ಹೆಸರು ಬರೀತಾಳೋ ಇಲ್ಲವೋ, ಕೇಳು.

— ಬಾಲ್ಕನಿಗೆ ಬೀಗ ಹಾಕಿದವನ ಹೆಸರು ಬರೀತಾಳಾ?

— ಅದನ್ನ ಅವಳನ್ನೇ ಕೇಳಬೇಕು. ಬೀಗ ಹಾಕಿದ್ದು ಸರಿಯಿತ್ತು. ಅದರ ಬಗ್ಗೆ ಅವಳ ಹತ್ರ ಒಮ್ಮೆಯೂ ಮಾತಾಡದೆ ಇರೋದು ಸರಿಯಲ್ಲ. ಈಗ ಮೊದಲು ಮಾಡಬೇಕಾದ್ದು ಹೇಳ್ತೀನಿ. ಕೊನೇ ಸಲ ರಕ್ತದ ಲಿಥಿಯಂ ಮಟ್ಟ ನೋಡಿಸಿದ್ದು ಯಾವಾಗ?

— ಚಳಿ ಇತ್ತು. ಫೆಬ್ರವರಿ ಇರಬೇಕು. ಸೆಕೆ ಶುರುವಾದ ಮೇಲೆ ಆಗಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಲ್ಯಾಬಿನ ಹುಡುಗನನ್ನ ಮನೆಗೇ ಕರೆಸ್ತೀನಿ.

— ರಾತ್ರಿ ಮಾತ್ರೆ ಎಷ್ಟು ಗಂಟೆಗೆ ತಗೊಳ್ತಾಳೆ?

— ಊಟ ಆದ ಮೇಲೆ, ಹತ್ತಕ್ಕೆ.

— ಹಾಗಾದರೆ ಏಳಕ್ಕೆ ಬೇಡ. ಮಾತ್ರೆ ತಗೊಂಡು ಹನ್ನೆರಡು ಗಂಟೆ ಆಗಿರಬೇಕು, ಇಲ್ಲದಿದ್ದರೆ ಅಂಕಿ ಸುಮ್ಮನೆ ಹೆಚ್ಚು ತೋರಿಸಿ ಡಾಕ್ಟರು ಡೋಸ್ ಇಳಿಸಿಬಿಡ್ತಾರೆ. ಹತ್ತಕ್ಕೆ ಬರಲಿ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಲಿ. ನೀರು ಧಾರಾಳ ಕುಡೀಬಹುದು, ಖಾಲಿ ಹೊಟ್ಟೆಯಲ್ಲೇ ಇರಬೇಕು ಅಂತಿಲ್ಲ. ಮತ್ತೆ ಅವನು ಚೀಲದಿಂದ ಟ್ಯೂಬ್ ತೆಗೆದಾಗ ಮುಚ್ಚಳದ ಬಣ್ಣ ನೋಡು. ಹಸಿರು ಮುಚ್ಚಳದ ಟ್ಯೂಬಿನ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಸವರಿರೋದೇ ಲಿಥಿಯಂ ಹೆಪಾರಿನ್. ಅದರಲ್ಲಿ ತೆಗೆದರೆ ಟ್ಯೂಬಿನ ಲಿಥಿಯಂ ಕೂಡ ಅವಳ ಲೆಕ್ಕಕ್ಕೇ ಬರುತ್ತೆ. ಕೆಂಪು ಇಲ್ಲವೇ ಹಳದಿ ಮುಚ್ಚಳದ್ದರಲ್ಲಿ ತೆಗಿ ಅನ್ನು. ಅವನು ಹೊಸಬನಾದರೆ ಲ್ಯಾಬಿಗೆ ಫೋನು ಮಾಡಿಸು, ಸಂಕೋಚ ಬೇಡ.

— ಕ್ರಿಯಾಟಿನಿನ್, ಟಿಎಸ್‌ಎಚ್ ಕೂಡ ಅದರಲ್ಲೇ ಸೇರಿಸಿಬಿಡಲಾ?

— ಸೇರಿಸು, ಕ್ಯಾಲ್ಸಿಯಂ ಕೂಡ. ಒಂದೇ ಸಲ ಚುಚ್ಚಿದರೆ ಸಾಕು. ಫೋನು ಇಲ್ಲಿ ಕೊಡು, ಏಕಾದಶಿಯ ಮಾತು ನಿನ್ನಿಂದ ಆಗಲ್ಲ, ನಿಮ್ಮಮ್ಮನ ಹತ್ರ ನಾನು ಮಾತಾಡ್ತೀನಿ.